ಕೊಟ್ಟವರು, ಕಾಯ್ದವರು

ಸಿದ್ದಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪಾಚಿ ಕಟ್ಟಿದ್ದ ವೀರಗಲ್ಲನ್ನು ತೊಳೆದು ಓದುತ್ತಾ ಕೂತಿದ್ದೆ. ಅಡಿಕೆ ತೋಟದಿಂದ ಬಂದ ಹಿರಿಯರೊಬ್ಬರು ಸುಮಾರು ಹೊತ್ತು ನೋಡಿ ಕೇಳಿದರು: “ನೀವು ಓದಿ, ಫೋಟೋ ಹೊಡ್ಕಂಡು ಹೋಗ್ತೀರಿ. ಆಮೇಲೆ ಇದನ್ನ ನೋಡ್ಕಳೋರು ಯಾರು?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಗ ನೆನಪಾದದ್ದು ಪಕ್ಕದ ಶಿರಸಿ ತಾಲ್ಲೂಕಿನ ಬನವಾಸಿಯ ನಾಗಶಿಲೆ. ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಐದು ಹೆಡೆಯ ಈ ಶಿಲೆಯ ಮೇಲೆ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನವಿದೆ. ಚುಟು ಅರಸನ 12ನೆಯ ಆಳ್ವಿಕೆಯ ವರ್ಷದ್ದು. ಅರಸನ ಮಗಳು ಶಿವಸ್ಕಂದನಾಗಶ್ರೀ ನಾಗ, ಕೆರೆ, ವಿಹಾರ ಈ ಮೂರನ್ನೂ ದಾನ ಕೊಟ್ಟಳು. ಮೇಲುಸ್ತುವಾರಿ ಅಮಾತ್ಯ ಖದಸಾತಿಯದು. ನಾಗನನ್ನು ಕಡೆದವನು ನಟಕ. ಇಂಜಿನಿಯರ್ ಕಣ್ಣಿಗೆ ಇದು ಪಕ್ಕಾ ಕಾಮಗಾರಿ ಫಲಕ: ದುಡ್ಡು ಕೊಟ್ಟವರು, ನಿಂತು ಮಾಡಿಸಿದವರು, ಮಾಡಿದವರು. ಆದರೆ ಆ ಕೆರೆಯ ಹೂಳನ್ನು ವರ್ಷ ವರ್ಷ ಎತ್ತಿದವರ ಹೆಸರು ಇಲ್ಲ.

ಹಿಂದಿನವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಮುಂದಿನ ಕಾಲದ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯ ನಿರ್ವಹಣೆಗೆಂದು ಬಿಟ್ಟ ಭೂಮಿ, ಇಲ್ಲವೇ ಬೆಳೆಯ ಪಾಲು ಅದು. ದಾನಶಾಸನಗಳ ಕೊನೆಯ ಶಾಪಾಶಯದಲ್ಲೂ ಒಂದು ಲೆಕ್ಕ ಇದೆಯಲ್ಲ: ಕೊಡುವುದು, ಕಾಯುವುದು ಈ ಎರಡರಲ್ಲಿ ಕಾಯುವುದೇ ಹೆಚ್ಚು. ಕೊಟ್ಟವನಿಗೆ ಸ್ವರ್ಗ, ಕಾಯ್ದವನಿಗೆ ಅಳಿಯದ ಪದವಿ.

ಸಿದ್ದಾಪುರಕ್ಕೆ ಈ ಮಾತು ಇನ್ನೂ ಹತ್ತಿರ. ಗಡಿ ದಾಟಿದರೆ ಸೊರಬ, ಸಾಗರ. ಅವು ಮೈಸೂರು ಸಂಸ್ಥಾನದಲ್ಲಿದ್ದುದರಿಂದ ಅಲ್ಲಿನ ಶಾಸನಗಳು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 8ನೆಯ ಸಂಪುಟದಲ್ಲಿ 1904ರಲ್ಲೇ ಅಚ್ಚಾದವು. ಸಿದ್ದಾಪುರ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಆ ಸಂಪುಟಕ್ಕೆ ಸೇರಲಿಲ್ಲ. ಅಲ್ಲಿ ಕಲ್ಲು ಹೋದರೂ ಪಾಠ ಉಳಿದೀತು. ಇಲ್ಲಿ ಇನ್ನೂ ಯಾರೂ ಓದದ ಕಲ್ಲಿನ ಅಕ್ಷರ ಸವೆದರೆ ಮುಗಿಯಿತು.

ಊರವರು ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಬೆಂಗಳೂರಿನ ಹೆಬ್ಬಾಳವೇ ಸಾಕ್ಷಿ. ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಸಿಕ್ಕಿತು. ಸ್ಥಳೀಯರೂ ಆಸಕ್ತರೂ ಸೇರಿ ಅದಕ್ಕೊಂದು ಮಂಟಪವನ್ನೇ ಕಟ್ಟಿದರು.

ಎಲ್ಲ ಕಡೆ ಮಂಟಪ ಬೇಕಿಲ್ಲ. ಬರೀ ನೀರು, ಮೆತ್ತನೆ ಬ್ರಷ್ ಸಾಕು. ತಂತಿ ಬ್ರಷ್, ಆಸಿಡ್ ಬೇಡ. ಜೀರ್ಣೋದ್ಧಾರದ ಹೆಸರಲ್ಲಿ ಆಯಿಲ್ ಪೇಂಟ್ ಅಂತೂ ಬೇಡವೇ ಬೇಡ. ಹಾಗೆ ಬಳಿದ ಒಂದು ಶಾಸನದ ಮುಂದೆ ಇಡೀ ದಿನ ಕೂತು ಮೂರು ಸಾಲೂ ಓದಲಾಗದೆ ಎದ್ದು ಬಂದಿದ್ದೇನೆ. ಸೂರಿನ ನೀರು ಕಲ್ಲಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಬೇಕು, ಬುಡದಲ್ಲಿ ನೀರು ನಿಲ್ಲದ ಹಾಗೆ ಕಾಲುವೆ ತೆಗೆಯಬೇಕು. ಅಷ್ಟೇ.

ಮಾರನೆಯ ವರ್ಷ ಆ ಹಳ್ಳಿಗೆ ಮತ್ತೆ ಹೋದೆ, ಶಾಸನದ ಪಾಠ ಮತ್ತು ಅರ್ಥವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿಕೊಂಡು. ಕಲ್ಲಿನ ಸುತ್ತ ಆಗಲೇ ಕಾಲುವೆ ತೆಗೆದಾಗಿತ್ತು. ಯಾರು ತೆಗೆದರು ಅಂತ ಕೇಳಿದೆ. ಹಿರಿಯರು ನಕ್ಕರು: “ಮಳೆಗಾಲದ ಮುಂಚೆ ತೋಟದ ಕಾಲುವೆ ಮಾಡ್ತೇವಲ್ಲ, ಅದರ ಜೊತಿಗೆ ಇದೂ ಆತು.”

ನಿಮ್ಮ ಊರಿನಲ್ಲೂ ಒಂದು ಕಲ್ಲು ಇದ್ದೇ ಇರುತ್ತದೆ. ಮಳೆಗೆ ಮುಂಚೆ ಒಮ್ಮೆ ಹೋಗಿ ನೋಡಿ ಬನ್ನಿ.