ಮಾಲು ಯಾರ ಕೈಗೆ? ತಂತ್ರಜ್ಞಾನದ ರಫ್ತು ಮತ್ತು ಗುಪ್ತಚರರ ಕಣ್ಣು



ಕಲಬುರಗಿಯ ಕೋಟೆಯನ್ನು ನಿಮ್ಮಲ್ಲಿ ಬಹುತೇಕರು ನೋಡಿದ್ದೀರಿ. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ಸುಲ್ತಾನರಿಗೆ ಯುದ್ಧದ ಕುದುರೆಗಳು ಅರಬಸ್ತಾನ ಮತ್ತು ಇರಾನಿನ ಕಡೆಯಿಂದ ಸಮುದ್ರ ದಾಟಿ ಬರಬೇಕಿತ್ತು. ವಿಜಯನಗರದ ಅರಸರದೂ ಅದೇ ಸ್ಥಿತಿ. 1510ರಲ್ಲಿ ಗೋವಾ ವಶಪಡಿಸಿಕೊಂಡ ಪೋರ್ಚುಗೀಸರು ಕುದುರೆಯ ಹಡಗುಗಳೆಲ್ಲ ಗೋವೆಗೇ ಬರಬೇಕೆಂದು ಕಟ್ಟು ಮಾಡಿದರು. ಆ ಮೇಲೆ ಬಿಜಾಪುರಕ್ಕೆ ಕುದುರೆ ಕೊಡಬೇಕೇ, ವಿಜಯನಗರಕ್ಕೆ ಕೊಡಬೇಕೇ ಎಂಬುದು ಅವರ ರಾಜಕಾರಣವಾಯಿತು. ಇಂದು ಕುದುರೆಯ ಜಾಗದಲ್ಲಿ ಕಂಪ್ಯೂಟರ್, ರಾಕೆಟ್ ಎಂಜಿನ್, ಚಿಪ್ ಇವೆ. ಪ್ರಶ್ನೆ ಮಾತ್ರ ಹಳೆಯದೇ: ಮಾಲು ಕೊನೆಗೆ ಯಾರ ಕೈ ಸೇರುತ್ತದೆ?

ಈ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಕಾನೂನು ಪಟ್ಟಿ ಮಾಡುತ್ತದೆ, ಲೈಸೆನ್ಸ್ ಕೇಳುತ್ತದೆ. ಖರೀದಿದಾರ ಅರ್ಜಿಯಲ್ಲಿ 'ಹವಾಮಾನ ಅಧ್ಯಯನಕ್ಕೆ' ಎಂದು ಬರೆದರೆ ಅದು ನಿಜವೋ ಸುಳ್ಳೋ ಎಂದು ಗುಮಾಸ್ತನಿಗೆ ಹೇಗೆ ತಿಳಿಯಬೇಕು? ಅಲ್ಲಿ ಗುಪ್ತಚರ ಸಂಸ್ಥೆಗಳ ಪ್ರವೇಶವಾಗುತ್ತದೆ. ಯಾವ ಕಂಪನಿಯ ಹಿಂದೆ ಯಾವ ಕಾರ್ಖಾನೆ ಇದೆ, ದುಬೈಗೆ ಎಂದು ಹೊರಟ ಪೆಟ್ಟಿಗೆ ಮುಂದೆ ಎಲ್ಲಿಗೆ ಹೋಗುತ್ತದೆ, ಯಾವ ಹಡಗನ್ನು ತಡೆಯಬೇಕು ಎಂಬ ಮಾಹಿತಿಯನ್ನು ಲೈಸೆನ್ಸ್ ಕೊಡುವವರಿಗೂ ಕಸ್ಟಮ್ಸ್‌ನವರಿಗೂ ಒದಗಿಸುವುದು ಅವರ ಕೆಲಸ. ಪಟ್ಟಿಗೆ ಹೊಸ ವಸ್ತು ಸೇರಿಸುವಾಗಲೂ ಅವರ ಅಭಿಪ್ರಾಯಕ್ಕೆ ಬೆಲೆಯಿದೆ.

ಎರಡನೆಯ ಮಹಾಯುದ್ಧದ ನಂತರ, 1949ರಲ್ಲಿ, ಪಾಶ್ಚಾತ್ಯ ದೇಶಗಳು ಸೋವಿಯತ್ ಕೂಟಕ್ಕೆ ತಂತ್ರಜ್ಞಾನ ಹೋಗದಂತೆ 'ಕೋಕಾಮ್' ಎಂಬ ಸಮಿತಿ ಕಟ್ಟಿದವು. ಪಟ್ಟಿ ಇತ್ತು, ಆದರೂ ಮಾಲು ಸೋರುತ್ತಿತ್ತು. ಎಷ್ಟು ಸೋರುತ್ತಿತ್ತು ಎಂಬುದು ಗೊತ್ತಾದದ್ದು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಅಧಿಕಾರಿ ವ್ಲಾದಿಮಿರ್ ವೆತ್ರೋವ್ ಫ್ರೆಂಚ್ ಗುಪ್ತಚರರಿಗೆ ಸಾವಿರಾರು ಪುಟಗಳ ದಾಖಲೆ ದಾಟಿಸಿದಾಗ. 1981ರ ಜುಲೈಯಲ್ಲಿ ಫ್ರಾನ್ಸಿನ ಅಧ್ಯಕ್ಷ ಮಿತ್ತೆರಾಂ ಈ ಸಂಗತಿಯನ್ನು ಕೆನಡಾದಲ್ಲಿ ಅಮೆರಿಕದ ಅಧ್ಯಕ್ಷ ರೇಗನ್‌ಗೆ ತಿಳಿಸಿದರು. ಪಶ್ಚಿಮದ ಯಾವ ತಂತ್ರಜ್ಞಾನಕ್ಕೆ ಸೋವಿಯತ್ತರು ಕೈ ಹಾಕಿದ್ದಾರೆ, ಯಾರ ಮೂಲಕ ತರಿಸುತ್ತಿದ್ದಾರೆ ಎಂಬುದು ಆ ಕಾಗದಗಳಲ್ಲಿತ್ತು. ವೆತ್ರೋವ್ ಸಿಕ್ಕಿಬಿದ್ದು ಮರಣದಂಡನೆಗೆ ಗುರಿಯಾದ. ಕಸ್ಟಮ್ಸ್‌ನ ಕಾವಲು ಮತ್ತು ಗುಪ್ತಚರ ಮಾಹಿತಿ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಾದದ್ದು ಈ ಕಾಲದಲ್ಲಿ.

ಇದೆಲ್ಲ ರಷ್ಯಾ-ಅಮೆರಿಕದ ಜಗಳ, ನಮಗೇನು ಸಂಬಂಧ ಎನ್ನಬೇಡಿ. ಬಿಸಿ ನಮ್ಮ ಬೆಂಗಳೂರಿಗೂ ತಟ್ಟಿತು. 1980ರ ದಶಕದಲ್ಲಿ ಭಾರತ ಅಮೆರಿಕದ ಕ್ರೇ ಕಂಪನಿಯ ಸೂಪರ್ ಕಂಪ್ಯೂಟರ್ ಕೇಳಿತು. ಅದರಿಂದ ಮಳೆಯ ಮುನ್ಸೂಚನೆಯನ್ನೂ ಮಾಡಬಹುದು, ಬಾಂಬಿನ ಲೆಕ್ಕವನ್ನೂ ಮಾಡಬಹುದು. ಕೇಳಿದ್ದಕ್ಕಿಂತ ಸಣ್ಣ ಯಂತ್ರವನ್ನು, ಅದೂ ದೆಹಲಿಯ ಹವಾಮಾನ ಕೇಂದ್ರಕ್ಕೆ ಮಾತ್ರ ಕೊಡಲು ಅಮೆರಿಕ ಒಪ್ಪಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಸೆ ಕೈಗೂಡಲಿಲ್ಲ. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಹುಟ್ಟಿತು. 1991ರಲ್ಲಿ ಅದು 'ಪರಮ್' ಕಂಪ್ಯೂಟರ್ ಕಟ್ಟಿ ತೋರಿಸಿತು.

ಇನ್ನು ಕ್ರಯೋಜೆನಿಕ್ ಎಂಜಿನ್ನಿನ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. 1991ರ ಜನವರಿಯಲ್ಲಿ ಇಸ್ರೋ ಸೋವಿಯತ್ ಒಕ್ಕೂಟದ ಗ್ಲಾವ್‌ಕಾಸ್ಮೋಸ್ ಜೊತೆ ಸುಮಾರು 235 ಕೋಟಿ ರೂಪಾಯಿಗಳ ಒಪ್ಪಂದ ಮಾಡಿಕೊಂಡಿತು. ಆಗ ಇಸ್ರೋ ಅಧ್ಯಕ್ಷರು ಉಡುಪಿ ಕಡೆಯವರಾದ ಪ್ರೊ. ಯು.ಆರ್. ರಾವ್. ಎಂಜಿನ್ನೂ ಬರಬೇಕು, ಅದನ್ನು ತಯಾರಿಸುವ ವಿದ್ಯೆಯೂ ಬರಬೇಕು ಎಂಬುದು ಕರಾರು. ಅಮೆರಿಕ ಮತ್ತು ಫ್ರಾನ್ಸಿನ ಕಂಪನಿಗಳೂ ಮಾರಲು ಮುಂದೆ ಬಂದಿದ್ದವು, ಆದರೆ ಬೆಲೆ ಬಹಳ ಹೆಚ್ಚಿತ್ತು. ಮಾರಲು ಸಿದ್ಧವಿದ್ದ ವಸ್ತು ರಷ್ಯಾ ಮಾರಿದ ಕೂಡಲೇ ಅಪಾಯಕಾರಿ ಆಗಿದ್ದು ಹೇಗೆಂದು ಯಾರಿಗಾದರೂ ಅನಿಸದೆ ಇರದು.

ಅಮೆರಿಕ ಹಿಡಿದುಕೊಂಡದ್ದು 1987ರಲ್ಲಿ ಏಳು ದೇಶಗಳು ಸೇರಿ ಮಾಡಿದ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ವ್ಯವಸ್ಥೆಯನ್ನು. 500 ಕಿಲೋ ಭಾರವನ್ನು 300 ಕಿಲೋಮೀಟರ್ ದೂರ ಒಯ್ಯಬಲ್ಲ ಕ್ಷಿಪಣಿಗೆ ಬೇಕಾದ ತಂತ್ರಜ್ಞಾನ ಹೊರಗೆ ಹೋಗಬಾರದು ಎಂಬುದು ಅದರ ಸಾರ. 1992ರ ಮೇ ತಿಂಗಳಲ್ಲಿ ಇಸ್ರೋ ಮತ್ತು ಗ್ಲಾವ್‌ಕಾಸ್ಮೋಸ್ ಎರಡರ ಮೇಲೂ ಎರಡು ವರ್ಷಗಳ ನಿರ್ಬಂಧ ಬಿತ್ತು.

ಈ ಶಂಕೆಗೆ ಬುಡವೇ ಇರಲಿಲ್ಲ ಎನ್ನಲಾಗದು. ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಸಾಹೇಬರು ಇಸ್ರೋದಲ್ಲಿ ಎಸ್‌ಎಲ್‌ವಿ-3 ಕಟ್ಟಿ, 1982ರಲ್ಲಿ ರಕ್ಷಣಾ ಸಂಶೋಧನೆಗೆ ಹೋದವರು. 1989ರ ಮೇ 22ರಂದು ಹಾರಿದ ಅಗ್ನಿ ಕ್ಷಿಪಣಿಯ ಮೊದಲ ಹಂತ ಅದೇ ಎಸ್‌ಎಲ್‌ವಿ-3ರ ಮೋಟಾರಿನಿಂದ ಬಂದದ್ದು. ದೂರದಲ್ಲಿ ಕುಳಿತು ನೋಡುವ ಗುಪ್ತಚರ ವಿಶ್ಲೇಷಕನಿಗೆ ಇಷ್ಟು ಸಾಕು. ಆದರೆ ಕ್ರಯೋಜೆನಿಕ್ ಎಂಜಿನ್ ಬೇರೆ ಜಾತಿಯದು. ಅದಕ್ಕೆ ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್, ಮೈನಸ್ 183 ಡಿಗ್ರಿಯ ದ್ರವ ಆಮ್ಲಜನಕ ಬೇಕು. ಉಡಾವಣೆಗೆ ಮುನ್ನ ಗಂಟೆಗಟ್ಟಲೆ ತುಂಬಬೇಕು, ತುಂಬಿ ಇಟ್ಟುಕೊಳ್ಳುವಂತಿಲ್ಲ. ಶತ್ರು ಅಷ್ಟು ಹೊತ್ತು ಕಾಯುತ್ತಾನೆಯೇ? ಇಸ್ರೋ ಇದನ್ನೇ ವಾದಿಸಿತು, ಫಲವಾಗಲಿಲ್ಲ. 1993ರಲ್ಲಿ ಯೆಲ್ತ್ಸಿನ್ ಸರ್ಕಾರ ಮಣಿಯಿತು. ಸಿದ್ಧ ಎಂಜಿನ್ನುಗಳು ಬಂದವು, ವಿದ್ಯೆ ಬರಲಿಲ್ಲ. ನಮ್ಮದೇ ಕ್ರಯೋಜೆನಿಕ್ ಎಂಜಿನ್ 2010ರ ಏಪ್ರಿಲ್‌ನಲ್ಲಿ ವಿಫಲವಾಗಿ, 2014ರ ಜನವರಿ 5ರಂದು ಗೆದ್ದಿತು. ಒಪ್ಪಂದದ ದಿನದಿಂದ ಎಣಿಸಿದರೆ 23 ವರ್ಷ!

ಈ ನಡುವೆ 1994ರಲ್ಲಿ ಕೇರಳದಲ್ಲಿ ಇಸ್ರೋ ಗೂಢಚಾರಿಕೆ ಪ್ರಕರಣ ಎದ್ದಿತು. ಮಾಲ್ಡೀವ್ಸ್‌ನ ಇಬ್ಬರು ಮಹಿಳೆಯರು, ಮರಿಯಂ ರಶೀದಾ ಮತ್ತು ಫೌಜಿಯಾ ಹಸನ್, ರಾಕೆಟ್ ರಹಸ್ಯ ಸಾಗಿಸುತ್ತಿದ್ದರೆಂದು ಬಂಧಿತರಾದರು. ಫೌಜಿಯಾ ಅವರಿಗೆ ಬೆಂಗಳೂರಿನೊಡನೆ ಇದ್ದ ನಂಟು ಮಗಳ ಶಾಲೆಯದು. ಕ್ರಯೋಜೆನಿಕ್ ಯೋಜನೆಯ ಹೊಣೆ ಹೊತ್ತಿದ್ದ ವಿಜ್ಞಾನಿ ನಂಬಿ ನಾರಾಯಣನ್ ಕೂಡ ಜೈಲು ಸೇರಿದರು. ಗುಪ್ತಚರ ಇಲಾಖೆಯವರು ದಿನಗಟ್ಟಲೆ ವಿಚಾರಣೆ ಮಾಡಿದರು. 1996ರಲ್ಲಿ ಸಿಬಿಐ ಆರೋಪದಲ್ಲಿ ಹುರುಳಿಲ್ಲವೆಂದು ವರದಿ ಕೊಟ್ಟಿತು. 1998ರಲ್ಲಿ ಸುಪ್ರೀಂ ಕೋರ್ಟ್ ಮರುತನಿಖೆಯ ಆದೇಶವನ್ನು ರದ್ದು ಮಾಡಿತು. ಅಷ್ಟರಲ್ಲಿ ಆ ಇಬ್ಬರು ಹೆಣ್ಣುಮಕ್ಕಳು ಮೂರು ವರ್ಷಕ್ಕೂ ಹೆಚ್ಚು ಕಾಲ ಪರದೇಶದ ಜೈಲಿನಲ್ಲಿ ಕಳೆದಿದ್ದರು. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಫೌಜಿಯಾ 2022ರಲ್ಲಿ ತೀರಿಕೊಂಡರು. ಇದರ ಹಿಂದೆ ವಿದೇಶಿ ಗುಪ್ತಚರರ ಕೈಯಿತ್ತೆಂದು ನಂಬಿ ನಾರಾಯಣನ್ ಶಂಕಿಸಿದ್ದಾರೆ. ನ್ಯಾಯಾಲಯ ಹಾಗೆಂದು ತೀರ್ಮಾನಿಸಿಲ್ಲ. ತಂತ್ರಜ್ಞಾನ ಕಾಯುವ ಕಣ್ಣು ತಪ್ಪಾಗಿ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಹೊರಗಿನವರ ಕೈವಾಡದ ಕಥೆಯೇ ಬೇಕಿಲ್ಲ.

ಕಣ್ಣು ಕಾಣದೆ ಹೋಗುವುದೂ ಉಂಟು. 1998ರ ಮೇ 11ರ ಪೋಖ್ರಾನ್ ಪರೀಕ್ಷೆಯ ಸುಳಿವು ಅಮೆರಿಕದ ಸಿಐಎಗೆ ಮೊದಲೇ ಸಿಗಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಮಾತ್ರ ಭಾರತದ ಸಂಸ್ಥೆಗಳ ಉದ್ದನೆಯ ಪಟ್ಟಿ ಹೊರಬಿತ್ತು. ಅವುಗಳಿಗೆ ಅಮೆರಿಕದ ಮಾಲು ಸಿಗುವುದು ಕಷ್ಟವಾಯಿತು. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಲಘು ಯುದ್ಧವಿಮಾನಕ್ಕಾಗಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳು ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ಆದರೂ 2001ರ ಜನವರಿ 4ರಂದು ವಿಮಾನ ಹಾರಿತು. ಇಸ್ರೋ ಮತ್ತು ಡಿಆರ್‌ಡಿಓದ ಅಂಗಸಂಸ್ಥೆಗಳ ಹೆಸರನ್ನು ಆ ಪಟ್ಟಿಯಿಂದ ತೆಗೆದದ್ದು 2011ರ ಜನವರಿಯಲ್ಲಿ.

ಹೊರದೇಶಕ್ಕೆ ಓದಲು ಹೋಗಬೇಕೆನ್ನುವ ವಿದ್ಯಾರ್ಥಿಗಳು ಒಂದು ಮಾತು ತಿಳಿದಿರಲಿ. ಅಮೆರಿಕದ ನಿಯಮದಲ್ಲಿ ಯಂತ್ರ ಗಡಿ ದಾಟುವುದಷ್ಟೇ ರಫ್ತಲ್ಲ. ಅಲ್ಲಿನ ಪ್ರಯೋಗಶಾಲೆಯಲ್ಲಿ ಪರದೇಶದವನಿಗೆ ನಿಯಂತ್ರಿತ ತಂತ್ರಜ್ಞಾನ ತೋರಿಸಿಕೊಟ್ಟರೂ ರಫ್ತೆಂದೇ ಲೆಕ್ಕ. ಸೂಕ್ಷ್ಮ ವಿಷಯಗಳಲ್ಲಿ ಸಂಶೋಧನೆಗೆ ಹೊರಟವರ ವೀಸಾ ಅರ್ಜಿ ಭದ್ರತಾ ಸಂಸ್ಥೆಗಳ ಮೇಜಿಗೂ ಹೋಗಬಹುದು. ವೀಸಾ ತಡವಾದರೆ ಹೆದರಬೇಡಿ. ಏನು ಓದುತ್ತೀರಿ, ಯಾರ ಹತ್ತಿರ ಓದುತ್ತೀರಿ ಎಂಬುದನ್ನು ಸ್ಪಷ್ಟವಾಗಿ ಬರೆದುಕೊಡಿ.

ಇನ್ನೊಂದು ತಿರುವಿದೆ. ಇದೇ ಭಾರತ 2016ರಲ್ಲಿ ಆ ಕ್ಷಿಪಣಿ ನಿಯಂತ್ರಣ ಕೂಟದ ಸದಸ್ಯನಾಯಿತು, 2017ರಲ್ಲಿ ವಾಸೆನಾರ್ ಕೂಟವನ್ನೂ ಸೇರಿತು. 'ಸ್ಕೋಮೆಟ್' ಎಂಬ ನಮ್ಮದೇ ಪಟ್ಟಿಯಿದೆ. ಅದರಲ್ಲಿರುವ ವಸ್ತು ಅಥವಾ ಸಾಫ್ಟ್‌ವೇರ್ ಹೊರಗೆ ಕಳಿಸುವ ಬೆಂಗಳೂರಿನ ಕಂಪನಿ ದೆಹಲಿಯ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಅನುಮತಿ ಪಡೆಯಬೇಕು. 2024ರ ಜನವರಿಯಲ್ಲಿ ಚೀನಾದಿಂದ ಕರಾಚಿಗೆ ಹೋಗುತ್ತಿದ್ದ ಹಡಗೊಂದನ್ನು ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಗುಪ್ತ ಮಾಹಿತಿಯ ಮೇರೆಗೆ ನಮ್ಮ ಕಸ್ಟಮ್ಸ್‌ನವರು ತಡೆದರು. ಒಳಗಿದ್ದದ್ದು ಒಂದು ಸಿಎನ್‌ಸಿ ಯಂತ್ರ, ಐಟಿಐ ಓದಿದ ನಮ್ಮ ಹುಡುಗರು ಹೆಸರು ಕೇಳಿರುವಂಥದೇ. ಡಿಆರ್‌ಡಿಓ ತಜ್ಞರು ಪರೀಕ್ಷಿಸಿದರು; ಕ್ಷಿಪಣಿಯ ಬಿಡಿಭಾಗ ಮಾಡಲು ಬಳಸಬಹುದು ಎಂದು ನಮ್ಮ ಅಧಿಕಾರಿಗಳು ಹೇಳಿದರು. ಪಾಕಿಸ್ತಾನ, ಅದು ಮೋಟಾರು ವಾಹನದ ಬಿಡಿಭಾಗ ಒದಗಿಸುವ ಕಂಪನಿಯೊಂದು ತರಿಸಿಕೊಂಡ ಲೇತ್ ಅಷ್ಟೇ ಎಂದಿತು. 1992ರಲ್ಲಿ ಇಸ್ರೋ ಎಂಜಿನ್ನಿನ ಬಗ್ಗೆ ನಾವೂ ಹೆಚ್ಚುಕಡಿಮೆ ಇಂಥದ್ದೇ ವಾದ ಹೂಡಿದ್ದೆವು.