ಹೆತ್ತವರ ತಲೆಬಿಸಿಗೆ ದೂರದ ಚಿಕಿತ್ಸೆ: ಪ್ರಶ್ನೋತ್ತರ ಅಂಕಣದಿಂದ 14416ರವರೆಗೆ

ಮಂಗಳೂರಿನ ಕಾವೂರಿನವರಿಗೆ ಮನೋವೈದ್ಯರು ದೂರವೇನಲ್ಲ. ಕುಂಟಿಕಾನಕ್ಕೆ ಹೋದರೆ ಎ.ಜೆ. ಆಸ್ಪತ್ರೆ, ಸಿಟಿ ಬಸ್ಸು ಹಿಡಿದರೆ ವೆನ್ಲಾಕ್, ಇನ್ನೂ ಸ್ವಲ್ಪ ಮುಂದೆ ಕಂಕನಾಡಿಯ ಫಾದರ್ ಮುಲ್ಲರ್. ಆದರೆ ಗಂಡ ದುಬೈಯಲ್ಲಿರುವ ಬಾಣಂತಿ ಕೂಸನ್ನು ಅತ್ತೆಯ ಕೈಗೆ ಕೊಟ್ಟು, ‘ಮಂಡೆಬಿಸಿ ಜಾಸ್ತಿಯಾಗಿದೆ, ವಾರಕ್ಕೊಮ್ಮೆ ಡಾಕ್ಟರ ಹತ್ತಿರ ಹೋಗಿ ಬರ್ತೇನೆ’ ಎನ್ನುವುದು ಸುಲಭವಲ್ಲ. ಶಿಫ್ಟ್ ಕೆಲಸದ ಅಪ್ಪ ಮಗನ ಹತ್ತನೇ ತರಗತಿಯ ಚಿಂತೆಗೆ ರಜೆ ಹಾಕುವುದೂ ಅಷ್ಟೇ ಕಷ್ಟ. ಆನ್‌ಲೈನ್ ಚಿಕಿತ್ಸೆಯ ಬೆಳವಣಿಗೆಯನ್ನು ನಾವು ಕಿಲೋಮೀಟರಿನ ಲೆಕ್ಕದಲ್ಲಿ ಹೇಳುತ್ತ ಬಂದಿದ್ದೇವೆ; ಹೆತ್ತವರ ಮಟ್ಟಿಗೆ ಆ ಲೆಕ್ಕ ಸಾಲದು. ಈ ಕ್ಷೇತ್ರ ಒಂದೊಂದು ಹೆಜ್ಜೆಗೂ ಹೆಚ್ಚು ಜನರನ್ನು ಮುಟ್ಟಿತು, ಆದರೆ ಒಬ್ಬೊಬ್ಬರ ಜೊತೆ ನಿಲ್ಲುವ ಹೊತ್ತನ್ನು ಕಡಿಮೆ ಮಾಡುತ್ತ ಹೋಯಿತು. ಅದು ನಿಜವಾಗಿ ಫಲ ಕೊಟ್ಟದ್ದು ಒಬ್ಬರೇ ಮತ್ತೆ ಮತ್ತೆ ಮಾತಿಗೆ ಸಿಕ್ಕಿದ ಕಡೆಗಳಲ್ಲಿ.

ಕನ್ನಡದಲ್ಲಿ ದೂರದಿಂದ ಸಿಗುವ ಸಾಂತ್ವನ ಇಂಟರ್ನೆಟ್ಟಿಗಿಂತ ಹಳೆಯದು. ಡಾ. ಅನುಪಮಾ ನಿರಂಜನರ ‘ತಾಯಿ–ಮಗು’, ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು, ಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳು ಡಾಕ್ಟರ ಮುಖ ನೋಡದ ಎಷ್ಟೋ ಮನೆಗಳಿಗೆ ಹೋದವು. ಹೆಸರು ಬರೆಯದೆ ಪತ್ರ ಹಾಕಿದವರಿಗೆ ಉತ್ತರ ಒಂದೇ ಸಲ ಬರುತ್ತಿತ್ತು. ಆಮೇಲೆ ಏನಾಯಿತೆಂದು ಕೇಳುವವರಿರಲಿಲ್ಲ. ಆಸ್ಪತ್ರೆಯಿಂದ ಹೊರಗೆ ಬರುವ ಇನ್ನೊಂದು ಪ್ರಯತ್ನ ಬಳ್ಳಾರಿಯಲ್ಲಿ ನಡೆಯಿತು. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟಿತು. ಆ ಮಾದರಿಯೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬತೊಡಗಿತು. 2013ರಲ್ಲಿ ಹುಬ್ಬಳ್ಳಿಯಿಂದ ಆರೋಗ್ಯವಾಣಿ 104 ಶುರುವಾಯಿತು. ಮರುವರ್ಷ ಮನೋಚೈತನ್ಯದ ಹೆಸರಿನಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರತೊಡಗಿದರು. ಇವೆಲ್ಲ ದೊಡ್ಡ ಸಾಧನೆಗಳೇ. ಆದರೆ ಇವುಗಳಲ್ಲಿ ಹೆಚ್ಚಿನವುಗಳ ಕಣ್ಣಿದ್ದದ್ದು ತೀವ್ರ ಕಾಯಿಲೆಯ ಮೇಲೆ, ಅದರಲ್ಲಿ ತಪ್ಪೂ ಇಲ್ಲ. ಹೊರಗೆ ನೋಡಿದವರಿಗೆ ಚೆನ್ನಾಗಿಯೇ ಇದ್ದು ಒಳಗೆ ಸೋತು ಹೋಗಿರುವ ಅಪ್ಪ ಅಮ್ಮಂದಿರು ಆ ಲೆಕ್ಕದೊಳಗೆ ಬರಲಿಲ್ಲ.

ಬರದಿರಲು ಇನ್ನೊಂದು ಕಾರಣವೂ ಇತ್ತು. ಮನೋಚಿಕಿತ್ಸೆ ಹೆತ್ತವರನ್ನು ಬಹುಕಾಲ ಮಗುವಿನ ವಿಷಯ ಹೇಳುವವರು, ಮಗುವಿನ ಆರೈಕೆ ಮಾಡುವವರು ಎಂದೇ ನೋಡಿತು. ಬಾಣಂತಿಯ ಖಿನ್ನತೆಯನ್ನು ಹತ್ತು ಪ್ರಶ್ನೆಗಳಲ್ಲಿ ಅಳೆಯುವ ಎಡಿನ್‌ಬರೋ ಮಾಪಕ ಬಂದದ್ದು 1987ರಲ್ಲಿ. ನಿಮ್ಹಾನ್ಸ್‌ನಲ್ಲಿ ತಾಯಿ–ಮಗುವನ್ನು ಒಟ್ಟಿಗೆ ಸೇರಿಸಿಕೊಳ್ಳುವ ವಿಭಾಗ ತೆರೆದದ್ದು 2009ರಲ್ಲಿ. ಅಪ್ಪಂದಿರ ಸರದಿ ಈಗಲೂ ಸರಿಯಾಗಿ ಬಂದಿಲ್ಲ. ಇಂಟರ್ನೆಟ್ಟಿನ ಮೇಲೂ ಇದೇ ನೆರಳು ಬಿತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ‘ಟ್ರಿಪಲ್ ಪಿ ಆನ್‌ಲೈನ್’ ಎಂಬ ಎಂಟು ಪಾಠಗಳ ಕ್ರಮ ಹಟಮಾರಿ ಮಕ್ಕಳನ್ನು ನಿಭಾಯಿಸಲು ಅಪ್ಪ ಅಮ್ಮನಿಗೆ ಕಲಿಸಿತು. ಉಪಯುಕ್ತವಾದದ್ದೇ, ಆದರೆ ಕೇಂದ್ರದಲ್ಲಿ ಇದ್ದದ್ದು ಮಗುವಿನ ನಡತೆ. ತಾಯಿಯ ಮನಸ್ಸನ್ನೇ ಮುಂದಿಟ್ಟುಕೊಂಡ ‘ಮಮ್‌ಮೂಡ್‌ಬೂಸ್ಟರ್’ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಹೆರಿಗೆಯ ನಂತರ ಖಿನ್ನತೆಗೆ ಒಳಗಾದ 43 ತಾಯಂದಿರಲ್ಲಿ, ಈ ಕ್ರಮ ಪಡೆದವರ ಪೈಕಿ ಶೇ. 79 ಮಂದಿ ಹನ್ನೆರಡು ವಾರಗಳಲ್ಲಿ ಖಿನ್ನತೆಯ ವ್ಯಾಖ್ಯೆಯಿಂದ ಹೊರಬಂದರು. ಎಂದಿನ ಆರೈಕೆ ಪಡೆದವರಲ್ಲಿ ಹಾಗೆ ಹೊರಬಂದವರು ಶೇ. 18. ಸಣ್ಣ ಪ್ರಯೋಗ, ಹಿಗ್ಗಿಸಿ ಹೇಳಬಾರದು. ಆದರೂ ಒಂದು ವಿವರ ಗಮನಿಸಬೇಕು: ಅಲ್ಲಿ ಪಾಠ ಕಂಪ್ಯೂಟರಿನಲ್ಲಿತ್ತು, ಜೊತೆಗೆ ಫೋನು ಮಾಡಿ ವಿಚಾರಿಸುವ ಒಬ್ಬರಿದ್ದರು.

ಈ ವಿವರ ಆಕಸ್ಮಿಕವಲ್ಲ. ಪೆರ್ ಕಾರ್ಲ್‌ಬ್ರಿಂಗ್ ಮತ್ತು ಸಂಗಡಿಗರು 2018ರಲ್ಲಿ 20 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಚಿಕಿತ್ಸಕರ ಬೆಂಬಲವಿರುವ ಇಂಟರ್ನೆಟ್ ಚಿಕಿತ್ಸೆ ಎದುರುಬದುರು ಕೂತು ಕೊಡುವ ಚಿಕಿತ್ಸೆಗೆ ಸರಿಸಮವಾಗಿ ಕಂಡಿತು. 2021ರಲ್ಲಿ ಎರಿನಿ ಕರ್ಯೋತಾಕಿ ತಂಡ ಎಂಟು ಸಾವಿರಕ್ಕೂ ಮಿಕ್ಕಿದ ಜನರ ದತ್ತಾಂಶವನ್ನು ಜಾಲಾಡಿತು. ಖಿನ್ನತೆ ಸೌಮ್ಯವಾಗಿದ್ದರೆ ತಾನೇ ಓದಿ ಮಾಡಿಕೊಳ್ಳುವ ಕ್ರಮವೂ ಸಾಕಾಗಬಹುದು. ಅದಕ್ಕಿಂತ ಹೆಚ್ಚಿದ್ದಾಗ ಮಾರ್ಗದರ್ಶಕರಿರುವ ಕ್ರಮವೇ ಮೇಲು ಎಂಬುದು ಅದರ ತೀರ್ಮಾನ. ಪರದೆ ಚಿಕಿತ್ಸೆಗೆ ಅಡ್ಡಿಯಲ್ಲ, ಪರದೆಯ ಹಿಂದೆ ಯಾರೂ ಇಲ್ಲದಿರುವುದು ಅಡ್ಡಿ.

ಈಗ ನಮ್ಮ ಕಡೆಗೆ ಬರೋಣ. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಲಾಕ್‌ಡೌನ್ ತಳ್ಳಿದ ರಭಸಕ್ಕೆ ಫೋನು, ವಿಡಿಯೋ ಚಿಕಿತ್ಸೆಗಳಿಗೆ ಒಂದು ನಿಯಮವೂ ಮಾನ್ಯತೆಯೂ ಸಿಕ್ಕವು. 2022ರ ಅಕ್ಟೋಬರ್ 10ರಂದು ಟೆಲಿ–ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಆರಂಭವಾಯಿತು. 14416ಕ್ಕೆ ಕರೆ ಮಾಡಿದರೆ ಭಾಷೆ ಆರಿಸಿಕೊಳ್ಳಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಸಿಗುತ್ತಾರೆ, ಬೇಕಾದರೆ ತಜ್ಞರಿಗೆ, ಅಲ್ಲಿಂದ ಜಿಲ್ಲೆಯ ವ್ಯವಸ್ಥೆಗೆ ಕಳಿಸುತ್ತಾರೆ. ಹಣ ಕೊಡಬೇಕಿಲ್ಲ, ಹೊತ್ತಿನ ಕಟ್ಟಿಲ್ಲ. 2025ರ ಹೊತ್ತಿಗೆ ಕರೆಗಳು 20 ಲಕ್ಷ ದಾಟಿದವು. ರಾತ್ರಿ ಎರಡಕ್ಕೆ ಅಳುವ ಮಗುವಿನ ಪಕ್ಕ ಕೂತವಳಿಗೆ ಇದಕ್ಕಿಂತ ಹತ್ತಿರದ ಬಾಗಿಲು ಇಲ್ಲ. ಆದರೆ ಸಹಾಯವಾಣಿ ಹುಟ್ಟಿದ್ದೇ ಆ ಕ್ಷಣದ ಸಂಕಟಕ್ಕೆ. ಹೆತ್ತವರ ಬದುಕಿನ ಬದಲಾವಣೆಗಳು, ಅಂದರೆ ಎರಡನೇ ಹೆರಿಗೆ, ಕೆಲಸ ಬಿಡುವುದು, ವಿಚ್ಛೇದನ, ಮಗ ಓದಲು ಜರ್ಮನಿಗೆ ಹೊರಡುವುದು, ಒಂದು ಕರೆಯಲ್ಲಿ ಮುಗಿಯುವಂಥವಲ್ಲ. ನಾಲ್ಕನೇ ಸಲವೂ ಅದೇ ದನಿ ಸಿಕ್ಕಿತೇ ಎಂಬುದು ಕರೆಗಳ ಒಟ್ಟು ಸಂಖ್ಯೆಗಿಂತ ಮುಖ್ಯ.

ಮನೆಯಲ್ಲಿ ಹಿರಿಯರಿಲ್ಲವೇ, ಹಿಂದೆ ಯಾರು ಕೌನ್ಸೆಲಿಂಗಿಗೆ ಹೋಗುತ್ತಿದ್ದರು ಎಂಬ ಆಕ್ಷೇಪ ತುಳುನಾಡಿನಲ್ಲಿ ಕೇಳುವಂಥದ್ದೇ. ಕೂಡುಕುಟುಂಬ ಕೈಗೆ ಆಸರೆಯಾಗುತ್ತಿತ್ತು, ನಿಜ. ಆದರೆ ಮನಸ್ಸಿನ ಮಾತಿಗೆ ಅದೇ ಹಲವು ಸಲ ಅಡ್ಡಗೋಡೆ, ಏಕೆಂದರೆ ದೂರು ಇರುವುದು ಆ ಕುಟುಂಬದ ಬಗ್ಗೆಯೇ. ಇದೇ ಕಾರಣಕ್ಕೆ ಮನೆಯೊಳಗಿನ ಆನ್‌ಲೈನ್ ಭೇಟಿಯೂ ಇಕ್ಕಟ್ಟಿನದು. ಅನುಭವವುಳ್ಳ ಚಿಕಿತ್ಸಕರು ಮೊದಲು ಕೇಳುವುದು ಎಲ್ಲಿ ಕೂತಿದ್ದೀರಿ, ಪಕ್ಕದಲ್ಲಿ ಯಾರಿದ್ದಾರೆ, ತುರ್ತು ಬಂದರೆ ಯಾರಿಗೆ ಫೋನು ಮಾಡಲಿ ಎಂದು. ಯಾರಾದರೂ ಒಳಗೆ ಬಂದರೆ ಮಾತು ಬದಲಿಸಲು ಒಂದು ಸಂಕೇತವನ್ನೂ ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಮೊಬೈಲು ಎಲ್ಲರ ಕೈಯಲ್ಲಿದೆ ಎನ್ನುವವರು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು (2019–21) ನೋಡಬೇಕು: ಕರ್ನಾಟಕದಲ್ಲಿ ಇಂಟರ್ನೆಟ್ ಬಳಸಿದ್ದ ಗಂಡಸರು ಶೇ. 62ರಷ್ಟು, ಹೆಂಗಸರು ಶೇ. 35ರಷ್ಟು. ಅಂದಿನಿಂದ ಅಂತರ ತಗ್ಗಿರಬಹುದು. ಆದರೂ ಚಂದದ ವಿಡಿಯೋ ಆ್ಯಪಿಗಿಂತ ಸಾದಾ ಫೋನ್ ಕರೆಯೇ ಹೆಚ್ಚು ಅಮ್ಮಂದಿರನ್ನು ಮುಟ್ಟೀತು ಎಂದು ನನ್ನ ಎಣಿಕೆ.

ಗುಟ್ಟು ಉಳಿಯುತ್ತದೆಯೇ ಎಂಬ ಭಯವನ್ನು ಮಾತ್ರ ತಳ್ಳಿಹಾಕಲಾಗದು. ಬೆಟರ್‌ಹೆಲ್ಪ್ ಎಂಬ ದೊಡ್ಡ ಆನ್‌ಲೈನ್ ಚಿಕಿತ್ಸಾ ಕಂಪನಿ ಬಳಕೆದಾರರ ಸೂಕ್ಷ್ಮ ಮಾಹಿತಿಯನ್ನು ಜಾಹೀರಾತಿಗಾಗಿ ಹಂಚಿಕೊಂಡಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2023ರಲ್ಲಿ ಕಂಪನಿ 78 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಅದೇ ವರ್ಷ ನಮ್ಮಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಇನ್ನೊಂದು ತೊಡಕು ಅರ್ಹತೆಯದು. ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಇನ್‌ಸ್ಟಾಗ್ರಾಮಿನಲ್ಲಿ ‘ಪೇರೆಂಟಿಂಗ್ ಕೋಚ್’ ಎಂದು ಬರೆದುಕೊಳ್ಳಲು ಏನೂ ಬೇಡ. ಹಣ ಕಟ್ಟುವ ಮುನ್ನ ನೋಂದಣಿ ಸಂಖ್ಯೆ ಕೇಳುವುದು ಅಗೌರವವಲ್ಲ.

ಇಷ್ಟಾಗಿ ಒಬ್ಬರೇ ಮತ್ತೆ ಮತ್ತೆ ಸಿಗುವಂತೆ ಮಾಡಲು ದುಬಾರಿ ತಂತ್ರಜ್ಞಾನ ಬೇಕಿಲ್ಲ. ಮಗುವಿನ ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗೆ ತಾಯಿ ಹೇಗೂ ಬರುತ್ತಾಳೆ, ತಾಯಿ ಕಾರ್ಡಿನಲ್ಲಿ ದಿನಾಂಕ ಬೀಳುತ್ತದೆ. ಆ ಹೊತ್ತಿಗೆ ಎಡಿನ್‌ಬರೋ ಮಾಪಕದ ಹತ್ತು ಪ್ರಶ್ನೆಗಳನ್ನು ಕೇಳಿ, ಅಂಕ ಹೆಚ್ಚಿದ್ದವರಿಗೆ ವಾರದ ಒಂದು ಗೊತ್ತಾದ ಹೊತ್ತಿನಲ್ಲಿ ಗೊತ್ತಾದ ಒಬ್ಬರೇ ಆರು ಸಲ ಕರೆ ಮಾಡುವ ಏರ್ಪಾಟನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮತ್ತು ಟೆಲಿ–ಮಾನಸ್ ಸೇರಿ ಮಾಡಬಹುದು. ಕರೆ ತುಳುವಿನಲ್ಲೋ ಬ್ಯಾರಿಯಲ್ಲೋ ಇರಬೇಕಾದರೆ ಆ ಒಬ್ಬರನ್ನು ಮಂಗಳೂರಿನಲ್ಲೇ ಹುಡುಕಬೇಕು. ಸಮಾಜಕಾರ್ಯ ಕಲಿಸುವ ರೋಶನಿ ನಿಲಯವಿರುವ ಊರಿನಲ್ಲಿ ಅದು ಕಷ್ಟವಾಗಲಾರದು. ಅಪ್ಪಂದಿರಿಗೆ ಮಾತ್ರ ಇಂಥ ಕಾರ್ಡೂ ಇಲ್ಲ, ಬಂದೇ ಬರಬೇಕಾದ ದಿನವೂ ಇಲ್ಲ. ಅವರಿಗೆ ಕರೆಯ ಹೊತ್ತು ಎಲ್ಲಿಂದ ಹೊಂದಿಸುವುದು ಎಂಬುದಕ್ಕೆ ಈ ಕ್ಷೇತ್ರ ಇನ್ನೂ ಉತ್ತರ ಹುಡುಕಬೇಕಾಗಿದೆ.