ಒಂದು ಮಾತ್ರೆ, ಒಂದು ಚಿನ್ನದ ಪದಕ

ಗೂರಲು, ಉಬ್ಬಸ, ದಮ್ಮು... ಒಂದೇ ಕಾಯಿಲೆಗೆ ನಮ್ಮಲ್ಲಿ ಊರಿಗೊಂದು ಹೆಸರು. "ಓಡ್ಬೇಡ, ಸುಮ್ನೆ ಕೂತ್ಕೋ" ಅನ್ನೋ ಮಾತು ಮಾತ್ರ ಎಲ್ಲ ಊರಲ್ಲೂ ಒಂದೇ! ಓಡಿದರೆ, ಕಸರತ್ತು ಮಾಡಿದರೆ ಕೆಲವರಿಗೆ ಉಸಿರು ಕಟ್ಟುತ್ತದೆ ಎಂದು ಗ್ರೀಕ್ ವೈದ್ಯ ಅರಿಟಿಯಸ್ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದ. ಆದರೆ ಅಂಥ ಮಕ್ಕಳಿಗೆ ಔಷಧಿ ಕೊಟ್ಟು ಆಟಕ್ಕೆ ಬಿಡಬೇಕು ಅನ್ನೋ ಬುದ್ಧಿ ಬಂದದ್ದು ತೀರಾ ಈಚೆಗೆ.

ರಿಕ್ ಡಿಮಾಂಟ್ ಕಥೆ ಕೇಳಿ. ಕ್ಯಾಲಿಫೋರ್ನಿಯಾದ ಹುಡುಗ, ಚಿಕ್ಕಂದಿನಿಂದ ಆಸ್ತಮಾ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಫ್ರೀಸ್ಟೈಲ್ ಈಜಿದಾಗ ವಯಸ್ಸು ಬರೀ 16. ಆಸ್ಟ್ರೇಲಿಯಾದ ಬ್ರಾಡ್ ಕೂಪರ್‌ನನ್ನು ಸೋಲಿಸಿದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ! ಆಮೇಲೆ ಮೂತ್ರ ಪರೀಕ್ಷೆಯಲ್ಲಿ ಎಫೆಡ್ರಿನ್ ಸಿಕ್ಕಿತು. ಅದು ಅವನ ಉಬ್ಬಸದ ಮಾತ್ರೆ ಮಾರಾಕ್ಸ್‌ನಲ್ಲಿದ್ದದ್ದು. ಹುಡುಗ ಏನನ್ನೂ ಮುಚ್ಚಿಟ್ಟಿರಲಿಲ್ಲ, ಅರ್ಜಿಯಲ್ಲೇ ಔಷಧಿಯ ಹೆಸರು ಬರೆದುಕೊಟ್ಟಿದ್ದ. ಅದು ನಿಷೇಧಿತವೇ ಅಂತ ನೋಡಿ ಹೇಳಬೇಕಾಗಿದ್ದವರು ಅಮೆರಿಕ ತಂಡದ ವೈದ್ಯರು. ಅವರು ನೋಡಲಿಲ್ಲ, ಪದಕ ಹೋದದ್ದು ಹುಡುಗನದ್ದು. 1500 ಮೀಟರಿನಲ್ಲಿ ವಿಶ್ವದಾಖಲೆಯೇ ಅವನ ಹೆಸರಲ್ಲಿತ್ತು, ಅದರ ಫೈನಲ್‌ಗೂ ಇಳಿಯಲು ಬಿಡಲಿಲ್ಲ. ಇದು ನ್ಯಾಯವಾ, ನೀವೇ ಹೇಳಿ.

ಬೇಸರದ ಸಂಗತಿ ಏನು ಗೊತ್ತಾ? ಅಷ್ಟು ಹೊತ್ತಿಗಾಗಲೇ ಇದಕ್ಕಿಂತ ಒಳ್ಳೆಯ ಔಷಧಿಗಳು ಹುಟ್ಟಿದ್ದವು. ಶ್ವಾಸನಾಳವನ್ನು ನೇರವಾಗಿ ಸಡಿಲಿಸುವ ಸಾಲ್ಬುಟಮಾಲ್ ಇನ್ಹೇಲರ್ ಬ್ರಿಟನ್ನಿನಲ್ಲಿ 1969ರಲ್ಲೇ ಬಂದಿತ್ತು. ಅಲ್ಲೇ ಇದ್ದ ರೋಜರ್ ಆಲ್ಟೂನ್ಯನ್ ಎಂಬ ವೈದ್ಯ ಸ್ವತಃ ಆಸ್ತಮಾ ರೋಗಿ. ಬೇಕೆಂದೇ ತನಗೆ ಉಬ್ಬಸ ಬರಿಸಿಕೊಂಡು, ಒಂದೊಂದೇ ರಾಸಾಯನಿಕವನ್ನು ತನ್ನ ಮೇಲೇ ಪ್ರಯೋಗಿಸಿ ಕ್ರೋಮೋಗ್ಲೈಕೇಟ್ ಕಂಡುಹಿಡಿದ. ವ್ಯಾಯಾಮಕ್ಕೆ ಮುಂಚೆ ಸೇದಿದರೆ ಉಬ್ಬಸವನ್ನು ತಡೆಯುವ ಪುಡಿ ಅದು. ಯುದ್ಧಕಾಲದಲ್ಲಿ ವಿಮಾನ ಹಾರಿಸಿದವನಲ್ವಾ, ಪುಡಿ ಸೇದುವ ಉಪಕರಣಕ್ಕೂ ಪುಟ್ಟ ಪ್ರೊಪೆಲರ್ ಇಟ್ಟ!

ಹೀಗಾಗುವುದಕ್ಕೆ ಕಾರಣ ಸರಳ. ಜೋರಾಗಿ ಆಡುವಾಗ ಬಾಯಲ್ಲಿ ಉಸಿರಾಡುತ್ತೇವೆ. ತಣ್ಣನೆಯ ಒಣ ಗಾಳಿ ಶ್ವಾಸನಾಳದ ತೇವ ಹೀರುತ್ತದೆ, ನಾಳ ಬಿಗಿಯುತ್ತದೆ. ಈಜುಕೊಳದ ಗಾಳಿ ತೇವವಾಗಿರುತ್ತದೆ, ಅದಕ್ಕೇ ಇಂಥ ಮಕ್ಕಳಿಗೆ ವೈದ್ಯರು ಈಜು ಹೇಳುತ್ತಿದ್ದದ್ದು (ಕ್ಲೋರಿನ್ನಿನ ಕಾಟ ಬೇರೆ ಇದೆ ಬಿಡಿ). ಆಟಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವುದು, ಇನ್ಹೇಲರ್ ಸೇದುವುದು, ಪದೇಪದೇ ಬರುತ್ತಿದ್ದರೆ ಉರಿಯೂತ ಇಳಿಸುವ ಸ್ಟೀರಾಯ್ಡ್ ಇನ್ಹೇಲರ್... ಇಂದಿನ ಚಿಕಿತ್ಸೆ ಹೆಚ್ಚುಕಡಿಮೆ ಇಷ್ಟೇ.

1984ರ ಲಾಸ್ ಏಂಜಲೀಸ್ ಹೊತ್ತಿಗೆ ಅಮೆರಿಕದವರು ಪಾಠ ಕಲಿತಿದ್ದರು. 597 ಕ್ರೀಡಾಪಟುಗಳನ್ನು ಮೊದಲೇ ತಪಾಸಣೆ ಮಾಡಿದರು, 67 ಜನಕ್ಕೆ ಈ ತೊಂದರೆ ಇತ್ತು. ಆ 67 ಜನ ಗೆದ್ದ ಪದಕ 41! ಸಾಲ್ಬುಟಮಾಲ್ ಇನ್ಹೇಲರ್ ಅನ್ನು ಇಂದು ನಿಗದಿತ ಮಿತಿಯೊಳಗೆ ಯಾರ ಅನುಮತಿಯೂ ಇಲ್ಲದೆ ಬಳಸಬಹುದು.

ಡಿಮಾಂಟ್ ಮರುವರ್ಷವೇ ಬೆಲ್‌ಗ್ರೇಡ್‌ನಲ್ಲಿ ಕೂಪರ್‌ನನ್ನು ಮತ್ತೆ ಸೋಲಿಸಿದ. 400 ಮೀಟರನ್ನು ನಾಲ್ಕು ನಿಮಿಷದೊಳಗೆ ಈಜಿದ ಮೊದಲಿಗನಾದ. ತಪ್ಪು ತಮ್ಮದೆಂದು ಅಮೆರಿಕದ ಒಲಿಂಪಿಕ್ ಸಮಿತಿ ಒಪ್ಪಿಕೊಂಡದ್ದು 2001ರಲ್ಲಿ. ಮ್ಯೂನಿಕ್‌ನ ಆ ಚಿನ್ನ ಮಾತ್ರ ದಾಖಲೆಯಲ್ಲಿ ಈಗಲೂ ಕೂಪರ್ ಹೆಸರಿನಲ್ಲೇ ಇದೆ.